ಬನಿಯನ್ ಬಟ್ಟೆ ಹಿಗ್ಗುವ ಉದ್ದ ಎಲ್ಲಿ ಅಡಗಿತ್ತು?

ನಾನು ಹೊಲಿದ ಮೊದಲ ಟ್ಯಾಂಕ್ ಟಾಪನ್ನು ತಲೆಯ ಮೇಲಿಂದ ಎಳೆದುಕೊಂಡಾಗ ಪಟ್, ಪಟ್, ಪಟ್ ಅಂತ ಮೂರು ಸದ್ದು ಬಂತು. ಬಟ್ಟೆ ಹರಿದಿರಲಿಲ್ಲ. ಕೆಳಗಿನ ಅಂಚಿನ ಹೊಲಿಗೆ ಮೂರು ಕಡೆ ಕಿತ್ತಿತ್ತು, ಅಷ್ಟೇ. ರವಿಕೆ, ಲಂಗ, ದಿಂಬಿನ ಕವರ್ ಅಂತ ವರ್ಷಗಳಿಂದ ಹೊಲಿಯುತ್ತಾ ಬಂದವಳು ನಾನು. ತೋಳೂ ಇಲ್ಲ, ಗುಂಡಿಯೂ ಇಲ್ಲ, ಬನಿಯನ್ನಿನ ತರಹದ ಒಂದು ಮೇಲಂಗಿ. ಏನು ಮಹಾ ಅಂದುಕೊಂಡಿದ್ದೆ.

ಆದರೆ ಕಂಕುಳಿಂದ ಕೆಳಗಿಳಿಯುವ ಪಕ್ಕದ ಹೊಲಿಗೆಗೆ ಏನೂ ಆಗಿರಲಿಲ್ಲ. ಅದೇ ಮಷೀನು, ಅದೇ ದಾರ, ಅದೇ ನೇರ ಹೊಲಿಗೆ. ಪಕ್ಕದ್ದು ಗಟ್ಟಿ, ಅಂಚಿನದ್ದು ಪಟ್. ಈ ತಾರತಮ್ಯ ಯಾಕೆ ಅನ್ನೋದಕ್ಕೆ ಉತ್ತರ ಬಟ್ಟೆಯ ಒಳಗೇ ಇದೆ.

ಹಳೇ ಬನಿಯನ್ ಒಂದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಮುಂಭಾಗದಲ್ಲಿ ಇಂಗ್ಲಿಷಿನ ವಿ ಅಕ್ಷರಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಸಾಲು ಕಾಣುತ್ತದೆ, ಹಿಂಭಾಗದಲ್ಲಿ ಸಣ್ಣ ಸಣ್ಣ ಕಮಾನುಗಳು. ಪಕ್ಕದಲ್ಲೇ ಒಂದು ಪಂಚೆಯನ್ನೂ ಇಟ್ಟು ನೋಡಿ. ಅಲ್ಲಿ ಹಾಸು ಒಂದು ಕಡೆ, ಹೊಕ್ಕು ಇನ್ನೊಂದು ಕಡೆ. ಎರಡೂ ಎಳೆ ಹೆಚ್ಚುಕಮ್ಮಿ ನೆಟ್ಟಗೇ ಮಲಗಿವೆ. ನೆಟ್ಟಗಿರುವ ದಾರವನ್ನು ಎಳೆದರೆ ಅದು ಎಲ್ಲಿಂದ ತಾನೇ ಉದ್ದ ಕೊಟ್ಟೀತು? ಅದಕ್ಕೇ ರವಿಕೆಯ ಕತ್ತಿನ ಪೈಪಿಂಗ್‌ಗೆ ಟೈಲರುಗಳು ಬಟ್ಟೆಯನ್ನು ಕ್ರಾಸ್‌ನಲ್ಲಿ ಕತ್ತರಿಸುತ್ತಾರೆ. ಓರೆಯಾಗಿ ಎಳೆದಾಗ ಹಾಸುಹೊಕ್ಕಿನ ಚೌಕಗಳು ವಜ್ರದ ಆಕಾರಕ್ಕೆ ಓರೆಯಾಗುತ್ತವೆ, ಪಟ್ಟಿ ಒಂದಿಷ್ಟು ಹಿಗ್ಗುತ್ತದೆ.

ಬನಿಯನ್ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಸ್ವೆಟರ್ ಹಾಕುವ ಹಾಗೆ ಕುಣಿಕೆಯೊಳಗೆ ಕುಣಿಕೆ. ಇದನ್ನು ಮೊದಲು ಯಂತ್ರಕ್ಕೆ ಕಲಿಸಿದವನು ಇಂಗ್ಲೆಂಡಿನ ವಿಲಿಯಂ ಲೀ, 1589ರಲ್ಲಿ, ಕಾಲುಚೀಲ ಹೆಣೆಯುವುದಕ್ಕೆ. ಇವತ್ತು ನಮ್ಮ ಪಕ್ಕದ ತಮಿಳುನಾಡಿನ ತಿರುಪ್ಪೂರು ಊರಿಗೆ ಊರೇ ಇದರ ಮೇಲೆ ಬದುಕುತ್ತಿದೆ. ಕುಣಿಕೆಯಲ್ಲಿ ದಾರ ಬಾಗಿ ಕೂತಿರುತ್ತದೆ. ಅಡ್ಡಕ್ಕೆ ಎಳೆದರೆ ಕುಣಿಕೆಯ ಎರಡು ಕಾಲುಗಳಲ್ಲಿದ್ದ ದಾರ ಅಗಲಕ್ಕೆ ಜಾರಿ ಬರುತ್ತದೆ, ಕುಣಿಕೆ ಕುಳ್ಳಗಾಗುತ್ತದೆ. ಹತ್ತಿಯ ನೂಲು ಉದ್ದವಾಗಿದ್ದು ತೀರಾ ಕಡಿಮೆ. ಅದರ ಬಾಗು ನೆಟ್ಟಗಾಯಿತು, ಅಷ್ಟೇ.

ಉದ್ದಕ್ಕೆ ಎಳೆದರೆ ಇಷ್ಟು ಹಿಗ್ಗುವುದಿಲ್ಲ. ನನ್ನ ಪಕ್ಕದ ಹೊಲಿಗೆ ಉಳಿದದ್ದು ಹೀಗೆ. ಅದು ಓಡುವುದು ಬಟ್ಟೆಯ ಉದ್ದಕ್ಕೆ. ಅಂಚು ಓಡುವುದು ಅಡ್ಡಕ್ಕೆ.

ಸರಿ, ಹಿಗ್ಗಿತು. ವಾಪಸ್ ಬರಬೇಕಲ್ಲ? ಬರೀ ಹತ್ತಿಯ ಬನಿಯನ್ ಈ ವಿಷಯದಲ್ಲಿ ಸೋಮಾರಿ. ನೂಲು ನೂಲಿಗೆ ಉಜ್ಜಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಸಂಜೆ ಹೊತ್ತಿಗೆ ಜೋತು ಬೀಳುತ್ತದೆ, ಒಗೆದ ಮೇಲೆ ಮತ್ತೆ ಬಿಗಿಯಾಗುತ್ತದೆ. ಒಗೆಯುವಾಗ ನೀರು ಮತ್ತು ಕುಲುಕಾಟ ಆ ಹಿಡಿತ ಬಿಡಿಸುತ್ತವೆ, ಕುಣಿಕೆಗಳು ತಮಗೆ ಹಾಯೆನಿಸುವ ಆಕಾರಕ್ಕೆ ಮರಳುತ್ತವೆ.

ಮೈಗೆ ಅಂಟಿ ಕೂರುವ ಟಾಪ್ ಬೇಕಾದರೆ ಬಟ್ಟೆಯಲ್ಲಿ ಸ್ವಲ್ಪ ಸ್ಪ್ಯಾಂಡೆಕ್ಸ್ ಅನ್ನುವ ಹಿಗ್ಗುವ ಕೃತಕ ಎಳೆ ಇರಬೇಕು. ನೂರಕ್ಕೆ ಐದು ಪಾಲು ಇದ್ದರೂ ಸಾಕು. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ಇದನ್ನು ಕಂಡುಹಿಡಿದರು. ಲೈಕ್ರಾ ಅಂತ ಅಂಗಡಿಯಲ್ಲಿ ಹೇಳುವುದು ಇದನ್ನೇ. ಇದರ ಅಣುಸರಪಳಿಯಲ್ಲಿ ಮೆತ್ತಗಿನ ಉದ್ದ ತುಂಡುಗಳು, ಗಟ್ಟಿ ಗಿಡ್ಡ ತುಂಡುಗಳು ಒಂದಾದ ಮೇಲೊಂದು ಬರುತ್ತವೆ. ಗಟ್ಟಿಯವು ಅಕ್ಕಪಕ್ಕದವುಗಳ ಜೊತೆ ಗುಂಪುಕಟ್ಟಿ ಗಂಟಿನ ಹಾಗೆ ಹಿಡಿದುಕೊಳ್ಳುತ್ತವೆ. ಮೆತ್ತಗಿನವು ಮುದುರಿಕೊಂಡಿರುತ್ತವೆ. ಎಳೆದರೆ ಮುದುರು ಬಿಚ್ಚಿ ಎಳೆ ಐದು ಪಟ್ಟು ಉದ್ದವಾಗಬಲ್ಲದು. ಇಲ್ಲೂ ನೋಡಿ, ಉದ್ದ ಹೊಸದಾಗಿ ಹುಟ್ಟಲಿಲ್ಲ, ಮುದುರಿಕೊಂಡಿತ್ತು.

ಬಿಟ್ಟ ತಕ್ಷಣ ಯಾಕೆ ಮತ್ತೆ ಮುದುರುತ್ತದೆ? ಅಣುಗಳು ಶಾಖದಿಂದ ಸದಾ ಕುಣಿಯುತ್ತಿರುತ್ತವೆ. ನೆಟ್ಟಗಿರುವುದಕ್ಕೆ ಒಂದೇ ದಾರಿ, ಮುದುರಿಕೊಳ್ಳುವುದಕ್ಕೆ ಲೆಕ್ಕವಿಲ್ಲದಷ್ಟು ದಾರಿ. ಕುಣಿಯುತ್ತಾ ಕುಣಿಯುತ್ತಾ ಮುದುರಿನ ಕಡೆಗೇ ಹೋಗುತ್ತವೆ. ರಬ್ಬರ್ ಬ್ಯಾಂಡಿನದ್ದೂ ಇದೇ ಕಥೆ. ಅಗಲವಾದ ರಬ್ಬರ್ ಬ್ಯಾಂಡನ್ನು ಚಕ್ಕನೆ ಎಳೆದು ತುಟಿಗೆ ತಾಗಿಸಿ. ಬೆಚ್ಚಗಾಗಿರುತ್ತದೆ. ಈಗಲೇ ಮಾಡಿ ನೋಡಬಹುದು, ಖರ್ಚಿಲ್ಲ.

ರವಿಕೆಗೆ ಅಳತೆ ತೆಗೆದು ಒಂದಿಷ್ಟು ಲೂಸು ಸೇರಿಸುವುದು ನಮಗೆಲ್ಲ ಗೊತ್ತು. ಇಲ್ಲಿ ಕಳೆಯಬೇಕು. ಎದೆ ಸುತ್ತಳತೆ 88 ಸೆಂ.ಮೀ. ಇದ್ದರೆ ಟಾಪ್ 80 ಸೆಂ.ಮೀ. ಇದ್ದರೂ ನಡೆಯುತ್ತದೆ, ಮಿಕ್ಕಿದ್ದನ್ನು ಬಟ್ಟೆ ಹಿಗ್ಗಿ ಕೊಡುತ್ತದೆ. ಕೊಳ್ಳುವಾಗ ಅಡ್ಡಕ್ಕೆ 10 ಸೆಂ.ಮೀ. ಹಿಡಿದು 13-14ರವರೆಗೆ ಎಳೆದು ಬಿಡಿ. ಮತ್ತೆ 10ಕ್ಕೆ ಬರದಿದ್ದರೆ ಬಟ್ಟೆಯನ್ನು ವಾಪಸ್ ಇಟ್ಟುಬಿಡಿ.

ಈಗ ನನ್ನ ಪಟ್ ಪಟ್‌ಗೆ ಬರೋಣ. ಅಂಚಿನ ಸುತ್ತಳತೆ 72 ಸೆಂ.ಮೀ. ಅದು ಭುಜ ದಾಟಿ ಇಳಿಯುವಾಗ 90 ಆಗಬೇಕಿತ್ತು. ಅಂದರೆ ನೂರಕ್ಕೆ 25 ಹಿಗ್ಗಬೇಕು. ಬಟ್ಟೆ ಹಿಗ್ಗಿತು, ನೇರ ಹೊಲಿಗೆಯ ದಾರದಲ್ಲಿ ಅಷ್ಟು ಮಿಗಿಲಿರಲಿಲ್ಲ. ಹಾಗಾದರೆ ಹೊಲಿಗೆಯಲ್ಲೂ ದಾರವನ್ನು ಬಾಗಿಸಿ ಇಡಬೇಕು. ಜಿಗ್‌ಜಾಗ್ ಮಾಡುವುದು ಇದನ್ನೇ. ಎಷ್ಟು ಬಾಗಿಸಬೇಕು ಅನ್ನುವುದಕ್ಕೆ ಹೈಸ್ಕೂಲಿನ ಪೈಥಾಗೊರಸ್ ಸಾಕು. ಮುಂದಕ್ಕೆ 2.5 ಮಿ.ಮೀ., ಅಗಲ 1 ಮಿ.ಮೀ. ಇಟ್ಟರೆ ಓರೆ ಗೆರೆ 2.69. ಬರೀ ನೂರಕ್ಕೆ 8 ಮಿಗಿಲು, ಸಾಲದು. ಅಗಲ 2 ಮಾಡಿ. ಓರೆ ಗೆರೆ 3.2, ಮಿಗಿಲು 28. ಭುಜ ದಾಟಿತು! ಪಾಲಿಯೆಸ್ಟರ್ ದಾರ ತಾನೂ ಒಂಚೂರು ಹಿಗ್ಗುತ್ತದೆ, ಅದು ಬೋನಸ್ಸು. ಜೋಡಿ ಸೂಜಿ ಹಾಕಿದರೆ ಮೇಲೆ ಎರಡು ನೇರ ಗೆರೆ ಕಂಡರೂ ಕೆಳಗೆ ಬಾಬಿನ್ ದಾರ ಜಿಗ್‌ಜಾಗ್ ಆಗಿಯೇ ಓಡಾಡುತ್ತದೆ. ನೋಡಲು ಅಂಗಡಿಯ ಬಟ್ಟೆಯ ಹಾಗಿರುತ್ತದೆ.

ಎರಡನೇ ಟಾಪಿನಲ್ಲಿ ಹೊಲಿಗೆ ಕಿತ್ತು ಬರಲಿಲ್ಲ, ಅಲ್ಲಲ್ಲಿ ಬೀಳಲೇ ಇಲ್ಲ. ಸೂಜಿ ಕೆಳಗಿಳಿದು ಒಂಚೂರು ಮೇಲೇಳುವಾಗ ಅದರ ಹಿಂದೆ ದಾರ ಸಣ್ಣದಾಗಿ ಉಬ್ಬುತ್ತದೆ. ಶಟಲ್ಲಿನ ಕೊಕ್ಕೆ ಆ ಉಬ್ಬನ್ನೇ ಹಿಡಿಯಬೇಕು. ಮೆತ್ತಗಿನ ಬಟ್ಟೆ ಸೂಜಿಗೆ ಅಂಟಿಕೊಂಡು ತಾನೂ ಮೇಲೆದ್ದುಬಿಟ್ಟರೆ ಉಬ್ಬು ಏಳುವುದೇ ಇಲ್ಲ, ಕೊಕ್ಕೆ ಖಾಲಿ ತಿರುಗುತ್ತದೆ. ಕೆಳಗೆ ತೆಳ್ಳನೆಯ ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದರೆ ಬಟ್ಟೆ ಸುಮ್ನೆ ಕೂತಿರುತ್ತದೆ. ಸೂಜಿಯನ್ನೂ ಬದಲಿಸಬೇಕು. ಮಾಮೂಲಿ ಚೂಪು ಮೊನೆ ಕುಣಿಕೆಯ ನೂಲನ್ನೇ ಕತ್ತರಿಸಬಹುದು. ಒಂದು ಕುಣಿಕೆ ಕಡಿದರೆ ಕೆಳಗಿನದ್ದಕ್ಕೆ ಆಸರೆ ತಪ್ಪಿ ಏಣಿಯ ಹಾಗೆ ಬಿಚ್ಚುತ್ತಾ ಹೋಗುತ್ತದೆ. ಬಾಲ್ ಪಾಯಿಂಟ್ ಸೂಜಿಯ ಮೊನೆ ಉರುಟು. ಜಾತ್ರೆಯಲ್ಲಿ ಜನರನ್ನು ಸರಿಸಿಕೊಂಡು ಹೋಗುವವರ ಹಾಗೆ ಅದು ನೂಲನ್ನು ಪಕ್ಕಕ್ಕೆ ತಳ್ಳಿ ನುಗ್ಗುತ್ತದೆ.

ಕತ್ತಿನ ಪಟ್ಟಿ ನನಗೆ ಇಡೀ ಕೆಲಸದಲ್ಲೇ ಇಷ್ಟದ ಭಾಗ. ಕಾಗದದ ಮೇಲೆ 60 ಸೆಂ.ಮೀ. ಸುತ್ತಳತೆಯ ವೃತ್ತ ಬರೆಯಿರಿ, ಅದು ಟಾಪಿನ ಕತ್ತು ಅಂದುಕೊಳ್ಳಿ. ಅದರೊಳಗೆ 1 ಸೆಂ.ಮೀ. ಬಿಟ್ಟು ಇನ್ನೊಂದು. ಒಳಗಿನದ್ದು 6.28 ಸೆಂ.ಮೀ. ಕಡಿಮೆ. ಹೊರಗಿನ ವೃತ್ತ 600 ಸೆಂ.ಮೀ. ಇದ್ದರೂ ವ್ಯತ್ಯಾಸ ಅದೇ 6.28! 1 ಸೆಂ.ಮೀ. ಅಗಲದ ಪಟ್ಟಿಯ ಹೊರ ಅಂಚು 60 ಆಗಬೇಕು, ಒಳ ಅಂಚು ಸುಮಾರು 54. ಪಟ್ಟಿಯನ್ನು 60ಕ್ಕೇ ಕತ್ತರಿಸಿದರೆ ಒಳ ಅಂಚು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಮೈಮೇಲೆ ಭುಜದ ಇಳಿಜಾರು ಇರುವುದರಿಂದ ವ್ಯತ್ಯಾಸ ಇದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ, ಆದರೂ ನಾನು 54ಕ್ಕೇ ಕತ್ತರಿಸುತ್ತೇನೆ. ಎಳೆದೆಳೆದು ಹೊಲಿದರೆ ಪಟ್ಟಿ ಎದೆಗೆ ಒರಗಿ ಚಪ್ಪಟೆ ಕೂರುತ್ತದೆ.

ಮೂರನೆಯ ಟಾಪ್ ಹೀಗೆ ಎಲ್ಲಾ ಸರಿಯಾಗಿ ಬಂತು. ಆದರೆ ಬಟ್ಟೆಯನ್ನು ಮೊದಲೇ ಒಗೆದಿರಲಿಲ್ಲ. ಕಾರ್ಖಾನೆಯಲ್ಲಿ ಉದ್ದಕ್ಕೆ ಎಳೆಸಿಕೊಂಡಿದ್ದ ಕುಣಿಕೆಗಳು ಮೊದಲ ಒಗೆತದಲ್ಲೇ ಹಾಯಾಗಿ ಕುಳ್ಳಗಾದವು. ಟಾಪ್ ಎರಡು ಬೆರಳು ಮೇಲೆ ಬಂತು. ಈಗ ಅದನ್ನು ತಂಗಿಯ ಮಗಳು ಹಾಕಿಕೊಳ್ಳುತ್ತಾಳೆ, ಅಳತೆ ತೆಗೆದೇ ಹೊಲಿಸಿದ ಹಾಗಿದೆ ಅವಳಿಗೆ.