ಬಿಯರಿಗೆ ಯಾರೂ ಲವಂಗ ಹಾಕಿಲ್ಲ ಮಾರಾಯ್ರೇ

ಪ್ರಶ್ನೆ: ಸರ್, ಬೆಲ್ಜಿಯನ್ ಪೇಲ್ ಏಲ್ ಚೆನ್ನಾಗಿದೆಯೋ ಇಲ್ಲವೋ ಅಂತ ಕುಡಿದು ಹೇಳೋದು ಹೇಗೆ? ಅದಕ್ಕೆ ಹಾಕೋ ಮಸಾಲೆ ಹದವಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಪ್ರಶ್ನೆಯ ಮೊದಲರ್ಧ ಓದಿ ಖುಷಿಯಾಯಿತು. ಎರಡನೇ ಅರ್ಧ ಓದಿ ಹಣೆ ಚಚ್ಚಿಕೊಂಡೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಇರಲಿ, ಇನ್ನೊಂದು ಸಲ.

ಬೆಲ್ಜಿಯನ್ ಪೇಲ್ ಏಲ್ ಅನ್ನುವ ಬಿಯರಿಗೆ ಮಸಾಲೆ ಹಾಕುವ ರೂಢಿ ಇಲ್ಲ. ನೀರು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಕಹಿ ಕೊಡುವ ಒಂದು ಹೂವು), ಹುದುಗು ಬರಿಸುವ ಯೀಸ್ಟ್. ಕೆಲವರು ಸ್ವಲ್ಪ ಸಕ್ಕರೆ ಸೇರಿಸಬಹುದು, ಅಷ್ಟೇ. ನಿಮ್ಮ ಮೂಗಿಗೆ ಬಡಿಯುವ ಆ ಲವಂಗ, ಕಾಳುಮೆಣಸಿನ ಘಮ ಯೀಸ್ಟ್ ಮಾಡಿದ ಕೆಲಸ.

ರಾತ್ರಿ ಇಡ್ಲಿ ಹಿಟ್ಟು ರುಬ್ಬಿ ಇಡುತ್ತೀರಿ. ಬೆಳಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ. ನಡುರಾತ್ರಿ ಯಾರೋ ಎದ್ದು ಬಂದು ಅದಕ್ಕೆ ಹುಣಸೆಹಣ್ಣು ಕಿವುಚಿದರು ಅಂತ ಯಾರಾದರೂ ಅಂದುಕೊಳ್ಳುತ್ತಾರಾ? ಇಲ್ಲ ಅಲ್ವಾ? ಹಿಟ್ಟಿನ ವಿಷಯದಲ್ಲಿ ಇರುವ ಬುದ್ಧಿ ಬಿಯರಿನ ವಿಷಯದಲ್ಲಿ ಎಲ್ಲಿಗೆ ಹೋಗುತ್ತದೋ!

ಮಾಲ್ಟ್‌ನಲ್ಲಿ ಫೆರುಲಿಕ್ ಆಸಿಡ್ ಅಂತ ಒಂದು ವಸ್ತು ಇರುತ್ತದೆ. ಬೆಲ್ಜಿಯಂನ ಹಲವು ಏಲ್ ಯೀಸ್ಟ್‌ಗಳು ಅದನ್ನು 4-ವಿನೈಲ್ ಗ್ವಾಯಕಾಲ್ ಆಗಿ ಬದಲಿಸುತ್ತವೆ. ಹೆಸರು ಮರೆತರೂ ಪರವಾಗಿಲ್ಲ, ಅದರ ವಾಸನೆ ಥೇಟ್ ಲವಂಗದ್ದು. ನಿಜವಾದ ಲವಂಗದಲ್ಲಿ ಇರುವುದು ಯೂಜಿನಾಲ್. ಇವೆರಡೂ ದಾಯಾದಿಗಳು ಅನ್ನಿ. ಮುಖದ ಹೋಲಿಕೆ ನೋಡಿ ಮೂಗು ಮೋಸಹೋಗುತ್ತದೆ. ಬಾಳೆಹಣ್ಣಿನ ವಾಸನೆಯ ಕಥೆ ಇನ್ನೂ ಸುಲಭ. ಅದು ಐಸೋಅಮೈಲ್ ಅಸಿಟೇಟ್. ಮಾಗಿದ ಬಾಳೆಹಣ್ಣಿನಲ್ಲೂ ಅದೇ ಇದೆ, ಯೀಸ್ಟ್ ಮಾಡಿಕೊಡುವುದೂ ಅದನ್ನೇ. ಇಂಥ ಏಲ್‌ಗಳನ್ನು, ತಣ್ಣಗೆ ಹುದುಗಿಸುವ ಲಾಗರ್ ಬಿಯರಿಗಿಂತ ಹೆಚ್ಚು ಬೆಚ್ಚಗೆ, 20 ಡಿಗ್ರಿಯ ಆಸುಪಾಸಿನಲ್ಲಿ ಹುದುಗಿಸುತ್ತಾರೆ. ಬಿಸಿ ಹೆಚ್ಚಾದಷ್ಟೂ ಸಾಮಾನ್ಯವಾಗಿ ಹಣ್ಣಿನ ವಾಸನೆ ಜಾಸ್ತಿ.

ಇನ್ನೂ ನಂಬಿಕೆ ಬರಲಿಲ್ಲವಾ? ಜರ್ಮನಿಯ ಬವೇರಿಯಾಕ್ಕೆ ಹೋಗೋಣ. ಅಲ್ಲಿ 1516ರಲ್ಲೇ ಒಂದು ಕಾನೂನು ಬಂತು. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೆ ಏನೂ ಹಾಕುವಂತಿಲ್ಲ ಅಂತ. ಗೋಧಿ ಬಿಯರಿಗೆ ಮುಂದೆ ವಿನಾಯಿತಿ ಸಿಕ್ಕಿದ್ದು ನಿಜ, ಆದರೆ ಅದು ಗೋಧಿಗೆ ಸಿಕ್ಕಿದ್ದು, ಲವಂಗಕ್ಕಲ್ಲ. ಆದರೂ ಅಲ್ಲಿನ ಗೋಧಿ ಬಿಯರ್ ಕುಡಿದು ನೋಡಿ. ಲವಂಗ, ಬಾಳೆಹಣ್ಣು ಎರಡೂ ಮೂಗಿಗೆ ಬಂದು ಕೂರುತ್ತವೆ. ಎಲ್ಲಿಂದ ಬಂತು ಹಾಗಾದರೆ? ಇನ್ನೂ ಒಂದು ಮಾತು. ಒಂದೇ ಹಂಡೆಯಲ್ಲಿ ಕುದಿಸಿದ ಮಾಲ್ಟ್ ರಸವನ್ನು ಎರಡು ಪಾಲು ಮಾಡಿ, ಒಂದಕ್ಕೆ ಲಾಗರ್ ಯೀಸ್ಟ್, ಇನ್ನೊಂದಕ್ಕೆ ಬೆಲ್ಜಿಯನ್ ಯೀಸ್ಟ್ ಹಾಕಿದರೆ ಬರುವುದು ಎರಡು ಬೇರೆ ಬೇರೆ ಬಿಯರ್. ಮಸಾಲೆ ಡಬ್ಬಿಯ ಮುಚ್ಚಳ ಯಾರೂ ತೆಗೆದಿರುವುದಿಲ್ಲ.

ಈ ತಪ್ಪು ಕಲ್ಪನೆಗೆ ಕಾರಣವೂ ಇದೆ, ನಿಮ್ಮನ್ನೇ ಬೈದು ಉಪಯೋಗವಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ನಮ್ಮಲ್ಲಿ ಬಹಳ ಜನ ಮೊದಲು ಕುಡಿಯುವ ಬೆಲ್ಜಿಯನ್ ಬಿಯರ್ ವಿಟ್ ಅನ್ನುವ ಗೋಧಿ ಬಿಯರ್. ಅದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿಯೂ ಹಾಕುತ್ತಾರೆ. ಹೂಗಾರ್ಡನ್ ಊರಿನಲ್ಲಿ ಸತ್ತೇ ಹೋಗಿದ್ದ ಈ ಬಿಯರನ್ನು 1960ರ ದಶಕದಲ್ಲಿ ಬದುಕಿಸಿದವನು ಪಿಯರ್ ಸೆಲಿಸ್, ಅದಕ್ಕೂ ಮೊದಲು ಹಾಲು ಮಾರುತ್ತಿದ್ದವನು. ಅವನ ಕೊತ್ತಂಬರಿ ಬೀಜವನ್ನು ತಂದು ಬೆಲ್ಜಿಯಂನ ಎಲ್ಲ ಬಿಯರಿಗೂ ಉದುರಿಸಿದವರು ನಾವು.

ಈಗ ರುಚಿ ನೋಡುವ ವಿಷಯ. ಪೇಲ್ ಏಲ್‌ನಲ್ಲಿ ಈ ಲವಂಗದ ಘಮ ಹಿಂದಿನ ಸಾಲಿನಲ್ಲಿ ಕೂತಿರಬೇಕು. ಮುಂದೆ ಬಂದು ಕುಣಿದರೆ ಹದ ತಪ್ಪಿದೆ ಅಂತ ಲೆಕ್ಕ. 'ಲವಂಗ ಜೋರಾಗಿದೆ, ಪಕ್ಕಾ ಬೆಲ್ಜಿಯನ್' ಅಂತ ತಲೆದೂಗುವವರು ಇದನ್ನು ದಯವಿಟ್ಟು ಎರಡು ಸಲ ಓದಿ.

ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಸುಮ್ನೆ ಬಿಡಿ. ಮಂಗಳೂರಿನ ಸೆಕೆಯಲ್ಲಾದರೆ ಐದು ನಿಮಿಷ ಸಾಕು. 8ರಿಂದ 10 ಡಿಗ್ರಿ ಇದ್ದರೆ ಚೆನ್ನ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ವಾಸನೆ ಮೇಲೇಳುವುದೇ ಇಲ್ಲ. ಸುರಿಯುವಾಗ ಎರಡು ಬೆರಳು ನೊರೆ ಬರಲಿ, ಅದು ಮೋಸವಲ್ಲ. ಬಣ್ಣ ಬಂಗಾರಕ್ಕಿಂತ ತಾಮ್ರಕ್ಕೆ ಹತ್ತಿರ. ಕುಡಿಯುವ ಮೊದಲು ಮೂಸಿ. ಬಿಸ್ಕತ್ತು, ಹದವಾಗಿ ಸುಟ್ಟ ಬ್ರೆಡ್ಡು, ಆಮೇಲೆ ಪೇರ್ ಹಣ್ಣು ಅಥವಾ ಕಿತ್ತಳೆ, ಕೊನೆಗೆ ಎಲ್ಲೋ ಒಂದೆಳೆ ಮೆಣಸು. ಬಾಯಲ್ಲಿ ಮಾಲ್ಟ್‌ನ ತೆಳು ಸಿಹಿ, ನುಂಗಿದ ಮೇಲೆ ಸ್ವಲ್ಪ ಕಹಿ. ಹಾಪ್ಸ್ ಜಾಸ್ತಿ ಹಾಕಿದ ಕಹಿ ಬಿಯರ್ ಐಪಿಎ ಥರ ನಾಲಿಗೆ ಒರಟಾಗಬಾರದು. ಆಲ್ಕೋಹಾಲ್ ಶೇ. 5ರ ಆಸುಪಾಸು. ಹೊರಗಿಂದ ಬರುತ್ತಿದ್ದ ಬಿಯರುಗಳ ಎದುರು ನಿಲ್ಲುವಂಥದ್ದು ಬೇಕು ಅಂತ ಬೆಲ್ಜಿಯಂನ ಬ್ರೂವರ್‌ಗಳು 1904ರಲ್ಲಿ ಒಂದು ಸ್ಪರ್ಧೆ ಇಟ್ಟರು. ಅಲ್ಲಿಂದ ಬೆಳೆದು ಬಂದ ಬಗೆ ಇದು. ಸಂಜೆ ಮಾತಾಡುತ್ತಾ ಎರಡು ಗ್ಲಾಸ್ ಕುಡಿಯುವುದಕ್ಕೆ ಮಾಡಿದ್ದು, ಒಂದೇ ಗ್ಲಾಸಿಗೆ ಬೆರಗುಗೊಳಿಸುವುದಕ್ಕಲ್ಲ. ಎರಡನೆಯದು ಬೇಕೆನಿಸಿತಾ? ಚೆನ್ನಾಗಿದೆ ಅಂತ ಅರ್ಥ.

ಕೆಟ್ಟಿದ್ದರೆ ಮೂಗೇ ಹೇಳುತ್ತದೆ. ನೆನೆದ ರಟ್ಟಿನ ವಾಸನೆ ಬಂದರೆ ಹಳತು, ಗಾಳಿ ತಾಗಿದೆ. ಬೇಯಿಸಿದ ಮುಸುಕಿನ ಜೋಳ, ಸಿನಿಮಾ ಥಿಯೇಟರಿನ ಬೆಣ್ಣೆ ಪಾಪ್‌ಕಾರ್ನ್, ನೈಲ್ ಪಾಲಿಶ್, ಇವು ಯಾವುದೂ ಇರಬಾರದು. ಇದ್ದರೆ 'ಕ್ರಾಫ್ಟ್ ಅಂದ್ರೆ ಹೀಗೇ ಸರ್' ಅಂತ ಯಾರು ಹೇಳಿದರೂ ಕೇಳಬೇಡಿ.

ಗ್ಲಾಸಿನ ಬಗ್ಗೆ ಯಾರೂ ಕೇಳಿಲ್ಲ. ಆದರೂ ಹೇಳದೆ ಬಿಡಲಾರೆ. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ 1833ರಿಂದ ಇರುವ ಡೆ ಕೋನಿಂಕ್ ಬ್ರೂವರಿಯ ಪೇಲ್ ಏಲ್ ಬೇಕಿದ್ದರೆ ಊರಿನವರು ಬ್ರೂವರಿಯ ಹೆಸರು ಹೇಳುವುದಿಲ್ಲ. 'ಒಂದು ಬೊಲ್ಲೆಕೆ' ಅನ್ನುತ್ತಾರೆ. ಅದು ಆ ದುಂಡು ಹೊಟ್ಟೆಯ ಗ್ಲಾಸಿನ ಹೆಸರು. ನಾವು 'ಬೈ ಟು' ಅಂದರೆ ಕಾಫಿ ಬಂದ ಹಾಗೆ. ಅಲ್ಲಿ ಹೆಚ್ಚುಕಮ್ಮಿ ಪ್ರತಿ ಬಿಯರಿಗೂ ಅದರದೇ ಗ್ಲಾಸ್ ಇದೆ. ಡುವೆಲ್ ಗ್ಲಾಸಿನಲ್ಲಿ 330 ಮಿಲಿ ಬಾಟಲಿ ಪೂರ್ತಿ, ನೊರೆ ಸಮೇತ ಹಿಡಿಯುತ್ತದೆ. ಕ್ವಾಕ್‌ನ ಗ್ಲಾಸ್ ತಳ ದುಂಡಗಿದ್ದು ತಾನಾಗಿ ನಿಲ್ಲುವುದಿಲ್ಲ, ಅದಕ್ಕೆ ಮರದ ಸ್ಟ್ಯಾಂಡ್ ಬೇಕು. ನಿಮ್ಮ ಮನೆಗೆ ಇದೆಲ್ಲ ಬೇಡ. ಬಾಯಿ ಸ್ವಲ್ಪ ಒಳಕ್ಕೆ ಬಾಗಿದ ವೈನ್ ಗ್ಲಾಸ್ ಇದ್ದರೆ ಸಾಕು, ವಾಸನೆ ಒಳಗೇ ನಿಲ್ಲುತ್ತದೆ. ಸ್ಟೀಲ್ ಲೋಟ ಮಾತ್ರ ಬೇಡ, ಬಣ್ಣ ಕಾಣುವುದಿಲ್ಲ.

ಗೆಂಟ್ ಊರಿನ ಡುಲ್ಲೆ ಗ್ರೀಟ್ ಅನ್ನುವ ಬಾರಿನಲ್ಲಿ ಗ್ಲಾಸಿನ ಮೋಹ ಎಷ್ಟಿದೆ ಅಂದರೆ, 1.2 ಲೀಟರಿನ ದೊಡ್ಡ ಗ್ಲಾಸಿನ ಬಿಯರ್ ಕೇಳಿದರೆ ಮೊದಲು ನಿಮ್ಮ ಒಂದು ಶೂ ಬಿಚ್ಚಿ ಕೊಡಬೇಕು. ಅದನ್ನು ಬುಟ್ಟಿಯಲ್ಲಿಟ್ಟು ಮಾಡಿಗೆ ಏರಿಸುತ್ತಾರೆ. ಗ್ಲಾಸ್ ಹಿಂತಿರುಗಿಸಿದರೆ ಶೂ ಕೆಳಗಿಳಿಯುತ್ತದೆ. ನಮ್ಮಲ್ಲಿ ಈ ಪದ್ಧತಿ ನಡೆಯುವುದು ಕಷ್ಟ. ಜನ ಹವಾಯಿ ಚಪ್ಪಲಿ ಹಾಕಿಕೊಂಡೇ ಬರುತ್ತಾರೆ.