ಗ್ಯಾಸ್ ಮಾತ್ರೆಯನ್ನೂ ಹೇಳಿ

ಬಿ.ಪಿ., ಸಕ್ಕರೆ, ಥೈರಾಯ್ಡ್ ಮಾತ್ರೆಗಳನ್ನು ವೈದ್ಯರ ಮುಂದೆ ತಪ್ಪದೆ ಹೇಳುವವರು ಕೂಡ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಗ್ಯಾಸ್ ಮಾತ್ರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಸೋಮವಾರಪೇಟೆ ಕಡೆಯಿಂದ ಬಂದ ಹಿರಿಯ ಮಹಿಳೆಯೊಬ್ಬರಿಗೆ ಕೆಲವು ವಾರಗಳಿಂದ ಸುಸ್ತು, ವಾಕರಿಕೆ ಇದ್ದು, ಊಟ ಸೇರುತ್ತಿರಲಿಲ್ಲ. ಮೂತ್ರಪಿಂಡ ಸರಿಯಾಗಿ ಸೋಸದಿದ್ದಾಗ ರಕ್ತದಲ್ಲಿ ಹೆಚ್ಚುವ ತ್ಯಾಜ್ಯವಾದ ಕ್ರಿಯಾಟಿನಿನ್ ಏರಿತ್ತು. ಯಾವ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ ಎಂದರು. ಸೊಸೆ ಅವರ ಕೈಚೀಲ ತಡಕಿದಾಗ, ಹೆಸರಿದ್ದ ತುದಿಯನ್ನು ಅಂಗಡಿಯವರು ಕತ್ತರಿಸಿಕೊಂಡಿದ್ದ ಅರ್ಧ ಪಟ್ಟಿ ಸಿಕ್ಕಿತು. “ಅದು ಬರೀ ಗ್ಯಾಸಿಗೆ, ಡಾಕ್ಟ್ರೇ” ಎಂದರು. ಅಂಗಡಿಯಲ್ಲಿ ವಿಚಾರಿಸಿದ ಮೇಲೆ ಅದು ಪ್ಯಾಂಟೊಪ್ರಜೋಲ್ ಎಂದು ಗೊತ್ತಾಯಿತು.

ಹೊಟ್ಟೆಯ ಆಮ್ಲ ತಗ್ಗಿಸುವ ಈ ಗುಂಪಿನ ಔಷಧಿಗಳು ಹುಣ್ಣು, ರಕ್ತಸ್ರಾವದಿಂದ ಎಷ್ಟೋ ಜನರನ್ನು ಕಾಪಾಡಿವೆ. ಆದರೆ ಅಪರೂಪಕ್ಕೆ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಔಷಧಿಯ ವಿರುದ್ಧವೇ ಕೆರಳಿ, ಮೂತ್ರಪಿಂಡದ ಸೂಕ್ಷ್ಮ ನಾಳಗಳ ನಡುವಿನ ಅಂಗಾಂಶದಲ್ಲಿ ಉರಿಯೂತ ಉಂಟಾಗುತ್ತದೆ. ಇದೇ ಗುಂಪಿನ ಒಮೆಪ್ರಜೋಲ್‌ನಿಂದ ಹೀಗಾದದ್ದು 1992ರಲ್ಲಿಯೇ ವರದಿಯಾಗಿದೆ. ಇದು ಅಲರ್ಜಿಯ ಬಗೆಯದು, ಪ್ರಮಾಣ ಹೆಚ್ಚಾದುದರಿಂದ ಆಗುವ ವಿಷವಲ್ಲ. ಆದ್ದರಿಂದ “ದಿನಕ್ಕೆ ಒಂದೇ ತಾನೆ” ಎಂಬ ಸಮಾಧಾನವೂ, “ಇಷ್ಟು ತಿಂಗಳು ಏನೂ ಆಗಲಿಲ್ಲವಲ್ಲ” ಎಂಬ ಧೈರ್ಯವೂ ಇಲ್ಲಿ ನಡೆಯುವುದಿಲ್ಲ. ಕಂಪನಿ ಬದಲಿಸಿ ಅದೇ ಗುಂಪಿನ ರಾಬೆಪ್ರಜೋಲ್ ನುಂಗಿದರೂ ಉರಿಯೂತ ಮರುಕಳಿಸಬಹುದು. ಜ್ವರ, ಮೈಮೇಲೆ ಗಂಧೆ ಬಂದರೆ ಸುಳಿವು ಸಿಕ್ಕೀತು. ಬಹುಪಾಲು ಜನರಲ್ಲಿ ಅವು ಇರುವುದಿಲ್ಲ, ಮೂತ್ರವೂ ಎಂದಿನಂತೆ ಹೋಗುತ್ತಿರಬಹುದು. ಹೀಗಿರುವಾಗ, ರೋಗಿ ಬಾಯಿಬಿಟ್ಟು ಹೇಳದ ಮಾತ್ರೆಯನ್ನು ವೈದ್ಯರು ಹೇಗೆ ಅನುಮಾನಿಸಬೇಕು?

ಕ್ರಿಯಾಟಿನಿನ್ ಏರಿದ ಮಾತ್ರಕ್ಕೆ ಈ ಮಾತ್ರೆಯೇ ಕಾರಣವೆಂದು ತೀರ್ಮಾನಿಸಲೂ ಆಗದು. ತೋಟದ ಕೆಲಸದ ಸೊಂಟನೋವಿಗೆ ನುಂಗುವ ನೋವಿನ ಮಾತ್ರೆಗಳೂ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಖಚಿತವಾಗಬೇಕಾದರೆ ಕೆಲವೊಮ್ಮೆ ಮೂತ್ರಪಿಂಡದ ಸಣ್ಣ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಬೇಕಾಗುತ್ತದೆ. ಆ ಮಹಿಳೆಗೂ ಬಯಾಪ್ಸಿ ಆಯಿತು, ಉರಿಯೂತ ಕಂಡಿತು. ಮಾತ್ರೆ ನಿಲ್ಲಿಸಿ, ಕೆಲವು ವಾರ ಸ್ಟೀರಾಯ್ಡ್ ಕೊಟ್ಟ ಮೇಲೆ ಕ್ರಿಯಾಟಿನಿನ್ ಇಳಿಯಿತು, ಆದರೆ ಮೊದಲಿನ ಮಟ್ಟಕ್ಕೆ ಬರಲಿಲ್ಲ. ತಡವಾದಷ್ಟೂ ಉರಿಯೂತದ ಜಾಗದಲ್ಲಿ ಕಲೆಗಟ್ಟಿ, ಚೇತರಿಕೆ ಅರ್ಧಕ್ಕೇ ನಿಲ್ಲುತ್ತದೆ.

ಇದನ್ನು ಓದಿ ಯಾರೂ ನಾಳೆಯೇ ಮಾತ್ರೆ ಬಿಡಬಾರದು. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರಿಗೆ, ಹಿಂದೆ ಹುಣ್ಣಿನಿಂದ ರಕ್ತ ಹೋದವರಿಗೆ ಅದು ಬೇಕೇ ಬೇಕಾಗಿರಬಹುದು. ಉಳಿದವರು ನಿಲ್ಲಿಸಿದಾಗಲೂ ಕೆಲವು ವಾರ ಆಮ್ಲ ಹಿಂದಿಗಿಂತ ಹೆಚ್ಚು ಸುರಿದು ಎದೆ ಉರಿಯುವುದುಂಟು. ಕಾಯಿಲೆ ಮರಳಿತೆಂದು ಗಾಬರಿಯಾಗಿ ಅಂಗಡಿಗೆ ಓಡದೆ ವೈದ್ಯರನ್ನು ಕೇಳಿದರೆ, ಆ ದಿನಗಳ ಮಟ್ಟಿಗೆ ಫ್ಯಾಮೊಟಿಡಿನ್‌ನಂಥ ಬೇರೆ ಗುಂಪಿನ ಔಷಧಿ ಸಾಕೇ ಎಂದು ಅವರು ನೋಡಿ ಹೇಳುತ್ತಾರೆ.