ಯುನಿಸೈಕಲ್‌ಗೆ ಶಾಕ್ ಬೇಕಾ ಮಾರಾಯ್ರೆ?

ನಮ್ಮ ಅಂಗಡಿ ಗೋಡೆಯಲ್ಲಿ ಒಂದು ಸಸ್ಪೆನ್ಶನ್ ಸೀಟ್‌ಪೋಸ್ಟ್, ಅಂದ್ರೆ ಸ್ಪ್ರಿಂಗ್ ಇರುವ ಸೀಟಿನ ಕಂಬ, ನೇತಾಡ್ತಾ ಉಂಟು. ಮಣಿಪಾಲದ ಹುಡುಗರು ಯಾರಾದ್ರೂ ಯುನಿಸೈಕಲ್, ಅದೇ ಒಂದು ಚಕ್ರದ ಸೈಕಲ್, ಹೆಗಲಿಗೆ ಹಾಕ್ಕೊಂಡು ಬಂದು "ಅಣ್ಣ, ಇದಕ್ಕೊಂದು ಶಾಕ್ ಅಬ್ಸಾರ್ಬರ್ ಹಾಕ್ಲಿಕ್ಕೆ ಆಗ್ತದಾ" ಅಂತ ಕೇಳಿದ್ರೆ ಅದನ್ನೇ ತೋರಿಸೋದು. ನಾನೇ ಹಾಕಿ, ಒಂದು ತಿಂಗಳು ಓಡಿಸಿ, ಬಿಚ್ಚಿ ಇಟ್ಟದ್ದು ಅದು.

ಕೇಳೋದರಲ್ಲಿ ತಪ್ಪೇನಿಲ್ಲ. ಮಳೆಗಾಲ ಮುಗಿದ ಮೇಲೆ ಉಡುಪಿಯ ಒಳರಸ್ತೆಗಳ ಅವಸ್ಥೆ ನಿಮಗೆ ಗೊತ್ತೇ ಉಂಟು, ಮುರಕಲ್ಲಿನ ದಾರಿ ಆದ್ರಂತೂ ಕೇಳೋದೇ ಬೇಡ, ಸ್ವಲ್ಪ ಭಾರ ಹ್ಯಾಂಡಲ್‌ಗೆ ಕೊಡುವಾ ಅಂದ್ರೆ ಈ ಸೈಕಲ್‌ಗೆ ಹ್ಯಾಂಡಲ್ಲೇ ಇಲ್ಲ, ಹೆಚ್ಚು ಕಮ್ಮಿ ಎಲ್ಲ ಪೆಟ್ಟೂ ಕೂರುವ ಜಾಗಕ್ಕೇ.

ಆದ್ರೆ ಪೆಡಲ್ ಎಲ್ಲಿ ಉಂಟು ನೋಡಿ. ಫುಲ್ ಸಸ್ಪೆನ್ಶನ್ ಇರುವ ಎರಡು ಚಕ್ರದ ಸೈಕಲಲ್ಲಿ ಪೆಡಲ್ ಫ್ರೇಮಲ್ಲಿ, ಫ್ರೇಮ್ ಶಾಕ್ ಮೇಲೆ, ಹಾಗಾಗಿ ಗುಂಡಿಗೆ ಬಿದ್ದಾಗ ಕಾಲು, ಸೀಟು, ಕೈ ಮೂರೂ ಒಟ್ಟಿಗೆ ತೇಲ್ತದೆ. ಮಾಮೂಲಿ ಯುನಿಸೈಕಲಲ್ಲಿ ಚೈನೂ ಇಲ್ಲ, ಫ್ರೀವೀಲೂ ಇಲ್ಲ, ಪೆಡಲ್ ಹಿಡಿದಿರುವ ಕ್ರ್ಯಾಂಕ್ ಸೀದಾ ಚಕ್ರದ ಆಕ್ಸಲ್‌ಗೇ ಕೂತಿರ್ತದೆ. ಅಂದ್ರೆ ನೀವು ಶಾಕ್ ಫೋರ್ಕಿಗೆ ಹಾಕಿ, ಸೀಟ್‌ಪೋಸ್ಟಿಗೆ ಹಾಕಿ, ತೇಲೋದು ಸೀಟು ಮಾತ್ರ, ಕಾಲು ಚಕ್ರದ ಜೊತೆಗೇ ಗುಂಡಿಗೆ ಇಳೀತದೆ. ಫ್ರೇಮಲ್ಲೇ ಶಾಕ್ ಮಾಡಿಸಿದ್ರೂ ಅದು ದುಬಾರಿ ಸೀಟ್‌ಪೋಸ್ಟ್ ಅಷ್ಟೇ.

"ಮತ್ತೆ ಎಲೆಕ್ಟ್ರಿಕ್ ಯುನಿಸೈಕಲ್‌ಗೆ ಉಂಟಲ್ಲ?" ಅಂತ ಒಬ್ಬ ಕೇಳಿದ. ಹೌದು, 2020ರಲ್ಲಿ ಇನ್‌ಮೋಷನ್ ಕಂಪನಿಯ ವಿ11 ಬಂತು, ಸಸ್ಪೆನ್ಶನ್ ಸಮೇತ. ಅದರಲ್ಲಿ ಕಾಲಿಡುವ ಹಲಗೆ ಚಕ್ರದ ಜೊತೆ ತಿರುಗೋದಿಲ್ಲ, ಬಾಡಿಯ ಜೊತೆ ಸೇರಿ ಶಾಕ್ ಮೇಲೆ ಕೂತಿರ್ತದೆ, ಹಿಂದೆ ಮುಂದೆ ಬೀಳದ ಹಾಗೆ ಮೋಟರ್ ನೋಡ್ಕೊಳ್ತದೆ. ಅದರ ಕಥೆಯೇ ಬೇರೆ.

ಇನ್ನು ನನ್ನ ಆ ಒಂದು ತಿಂಗಳು. ಮೊದಲ ಕಿರಿಕಿರಿ ಹಾಕುವಾಗಲೇ, ಯುನಿಸೈಕಲ್ ಸೀಟು ಅಡಿಯಲ್ಲಿ ನಾಲ್ಕು ಬೋಲ್ಟಲ್ಲಿ ಕೂರೋದು, ಸೈಕಲ್ ಸೀಟ್‌ಪೋಸ್ಟಿನ ಕ್ಲ್ಯಾಂಪಿಗೆ ಅದು ಸೇರೋದಿಲ್ಲ, ನಡುವೆ ಅಡಾಪ್ಟರ್ ಬೇಕು, ಅಲ್ಲಿಗೆ ಸೀಟು ಇನ್ನೂ ಮೇಲೆ ಹೋಯ್ತು, ಕುಳ್ಳಗಿದ್ದವರಿಗೆ ಕಾಲೇ ಎಟುಕೋದಿಲ್ಲ. ಆಮೇಲೆ ಓಡಿಸುವಾಗ ಗೊತ್ತಾದ್ದು, ಯುನಿಸೈಕಲ್ ತಿರುಗಿಸೋದು ಸೊಂಟದಲ್ಲಿ. ಸ್ಪ್ರಿಂಗ್ ಇರುವ ಪೋಸ್ಟು ಎಡಕ್ಕೆ ಬಲಕ್ಕೆ ಒಂದು ಕೂದಲೆಳೆಯಷ್ಟು ಆಡ್ತದೆ, ಮಾಮೂಲಿ ಸೈಕಲಲ್ಲಿ ಅದು ಲೆಕ್ಕಕ್ಕೇ ಇಲ್ಲ, ಇಲ್ಲಿ ಸೊಂಟ ತಿರುಗಿ ಆದ ಮೇಲೆ ಚಕ್ರ ತಿರುಗ್ತದೆ, ನಡುವೆ ಒಂದು ಟಕ್. ಹಾರುವಾಗ ಇನ್ನೂ ತಮಾಷೆ, ಸೀಟಿನ ಮುಂದಿನ ಹಿಡಿ ಹಿಡಿದು ಮೇಲೆ ಎಳೆದ್ರೆ ಮೊದಲು ಸ್ಪ್ರಿಂಗ್ ಉದ್ದ ಆಗ್ತದೆ, ಆಮೇಲೆ ಚಕ್ರ ಏಳ್ತದೆ. ಎರಡು ಸಲ ಮೊಣಕಾಲು ಕೆತ್ತಿಸಿಕೊಂಡೆ.

ಹಾಗಾದ್ರೆ ಎಂತ ಮಾಡೋದು? ಟಯರ್! ಸೀಟು, ಕಾಲು ಎರಡಕ್ಕೂ ಅಡಿಯಲ್ಲಿ ಇರೋದು ಅದೊಂದೇ. ಬೆಟ್ಟದಲ್ಲಿ ಓಡಿಸೋರು 3 ಇಂಚು ಅಗಲದ ಟಯರಿಗೆ ಕಮ್ಮಿ ಗಾಳಿ ಹಾಕಿ ಹೋಗೋದು ಸುಮ್ಮನೆ ಅಲ್ಲ. ನಾನು 20 ಪಿಎಸ್‌ಐ ಹತ್ರ ಶುರು ಮಾಡಿ, ಫುಟ್‌ಪಾತಿನ ಅಂಚಿಂದ ಹಾರಿ ನೋಡ್ತೇನೆ, ರಿಮ್ ಬಡಿಯದಿದ್ರೆ ಎರಡು ಇಳಿಸೋದು, ಬಡಿದ್ರೆ ವಾಪಸ್ ಎರಡು ಏರಿಸೋದು. ತೀರಾ ಇಳಿಸಿದ್ರೆ ತಿರುವಲ್ಲಿ ಟಯರ್ ಮಡಚ್ತದೆ, ರಸ್ತೆ ಓರೆ ಇದ್ದ ಕಡೆ ಚಕ್ರ ತನ್ನಷ್ಟಕ್ಕೇ ಎಳೀತದೆ. ತೀರಾ ಕೆಟ್ಟ ದಾರಿಯಲ್ಲಿ ಸೀಟಿಂದ ಎದ್ದು ನಿಂತು ಮೊಣಕಾಲು ಬಗ್ಗಿಸಿ, ಅದಕ್ಕಿಂತ ಒಳ್ಳೆ ಶಾಕ್ ನಾನು ನೋಡಿಲ್ಲ.

36 ಇಂಚಿನ ದೊಡ್ಡ ಚಕ್ರದಲ್ಲಿ ಹೈವೇಯಲ್ಲಿ ಗಂಟೆಗಟ್ಟಲೆ ಕೂತೇ ಹೋಗೋರಿಗೆ ಸ್ಪ್ರಿಂಗ್ ಪೋಸ್ಟ್ ಬೇಡ ಅಂತ ನಾನು ಹೇಳೋದಿಲ್ಲ, ಅಲ್ಲಿ ಹಾರೋದಿಲ್ಲ, ತಿರುಗೋದೂ ಕಮ್ಮಿ. ಆದ್ರೂ ಮೊದಲು ಇದೊಂದು ಮಾಡಿ ನೋಡಿ: ಸೀಟಿನ ಕವರ್ ಬಿಚ್ಚಿ, ಮಕ್ಕಳ ಸೈಕಲಿನ ಟ್ಯೂಬ್ ಒಂದನ್ನು ಮಡಚಿ ಫೋಮಿನ ಜಾಗದಲ್ಲಿ ಇಟ್ಟು, ವಾಲ್ವ್ ಹೊರಗೆ ಬರುವ ಹಾಗೆ ಕವರ್ ಹಾಕೋದು. ಖರ್ಚು ಟ್ಯೂಬಿಂದು ಮಾತ್ರ. ಗಾಳಿ ಮಾತ್ರ ಸ್ವಲ್ಪವೇ ಹಾಕಿ, ಗಟ್ಟಿ ಆದ್ರೆ ತೆಂಗಿನಕಾಯಿ ಮೇಲೆ ಕೂತ ಹಾಗೆ ಆಗ್ತದೆ.